ಇದ್ದ ಹಾಗಿತ್ತು

ಕೋರ್ಟಿನಲ್ಲಿ ಅವಳನ್ನು ಟಕಟಕಮ್ಮ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ. ಆಮೇಲೆ ಒಬ್ಬ ವಕೀಲ ಬಾಯಿತಪ್ಪಿ ಎದುರಿಗೇ ಅಂದುಬಿಟ್ಟ, ಅವಳು ನಕ್ಕುಬಿಟ್ಟಳು, ಅಲ್ಲಿಂದ ಅದೇ ಹೆಸರು ಕಾಯಂ ಆಯಿತು. ಅವಳು ಟೈಪಿಸ್ಟು. ಎರಡನೇ ಮಹಡಿಯ ಹಾಲಿನಲ್ಲಿ, ಸಾಹೇಬರ ಪೀಠದ ಕೆಳಗೆ, ಎಡಕ್ಕೆ ಅವಳ ಮೇಜು. ಮೇಜಿನ ಒಂದು ಕಾಲು ಗಿಡ್ಡ. ಅದರಡಿಗೆ ಹಳೆಯ ಸಮನ್ಸಿನ ಕಾಗದವನ್ನು ಎಂಟು ಮಡಿಕೆ ಮಡಿಸಿ ತುರುಕಿದ್ದಳು. ಸಾಕ್ಷಿ ಕಟಕಟೆ ಹತ್ತಿ ತನಗೆ ತೋಚಿದಂತೆ ಹೇಳುವುದು, ಸಾಹೇಬರು ಅದನ್ನು ಸೋಸಿ ತಮ್ಮ ಮಾತಿನಲ್ಲಿ ಬರೆಸುವುದು, ಇವಳು ಬೆರಳಾಡಿಸುವುದು, ಇದು ಅಲ್ಲಿಯ ಕ್ರಮ. ಸಾಕ್ಷಿ ಹತ್ತು ಮಾತಾಡಿದರೆ ಕಾಗದಕ್ಕೆ ಇಳಿಯುವುದು ಎರಡು. ಉಳಿದ ಎಂಟು ಎಲ್ಲಿಗೆ ಹೋಗುತ್ತವೆ ಎಂದು ಅವಳು ಹನ್ನೆರಡು ವರ್ಷ ಯೋಚಿಸಿದವಳಲ್ಲ.

ಯೋಚಿಸದಿರುವುದಕ್ಕೆ ಕಾರಣ ಅವಳ ಮನೆಯಲ್ಲೇ ಇತ್ತು. ಅಪ್ಪ ರೈಲು ನಿಲ್ದಾಣದ ಗಡಿಯಾರಗಳಿಗೆ ಕೀಲಿ ಕೊಡುವವರು. ಹನ್ನೊಂದು ಗಡಿಯಾರ, ಒಂದು ಏಣಿ, ಒಂದು ಚರ್ಮದ ಚೀಲ. ಅವರ ಲೆಕ್ಕದಲ್ಲಿ ಗಡಿಯಾರ ಒಂದೋ ಸರಿ, ಇಲ್ಲವೋ ತಪ್ಪು. 'ಹೆಚ್ಚೂಕಡಿಮೆ ಸರಿ' ಅನ್ನುವ ಗಡಿಯಾರವನ್ನು ಅವರು ಕಂಡಿರಲಿಲ್ಲ, ಅಂಥ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ. ಅಮ್ಮ ಬೇಗ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಅವರು ಇದೇ ಅಳತೆಯಲ್ಲಿ ಬೆಳೆಸಿದರು.

ಅವಳಿಗೆ ಎಂಟು ವರ್ಷವಿದ್ದಾಗ ಮನೆಯ ಕನ್ನಡಿ ಬಿದ್ದು ಒಡೆಯಿತು. ಅಪ್ಪ ಕೇಳಿದರು, "ನೀನಾ?"

"ಕೈ ತಾಗಿದ ಹಾಗಾಯ್ತು ಅಪ್ಪ."

"ಹಾಗಾಯ್ತು ಹೀಗಾಯ್ತು ಬೇಡ. ಹೌದಾ, ಇಲ್ವಾ?"

"ಹೌದು."

ಒಂದು ಗಂಟೆ ಗೋಡೆಗೆ ಮುಖ ಮಾಡಿ ನಿಂತಳು. ನಿಂತಿದ್ದಾಗ ಆಶ್ಚರ್ಯವೆಂದರೆ ಅವಳಿಗೆ ಹಗುರಾಗಿತ್ತು. ಕೈ ತಾಗಿತೋ ಇಲ್ಲವೋ ಎಂಬ ಗೊಂದಲ ಮುಗಿದುಹೋಗಿತ್ತಲ್ಲ. ಕನ್ನಡಿ ಬೀಳಿಸಿದ್ದು ತಾನೆಂದು ತಂಗಿ ವರ್ಷಗಳ ನಂತರ ಒಪ್ಪಿಕೊಂಡಾಗಲೂ ಅಕ್ಕ, "ಆಗಲೇ ಮುಗಿದ ವಿಷಯ ಬಿಡು" ಎಂದಳು. ತಂಗಿ ಬಿದ್ದು ಬಿದ್ದು ನಕ್ಕಳು. "ನಿನ್ನಂಥವಳು ಸಿಕ್ಕಿದ್ರೆ ಪೊಲೀಸರಿಗೆ ಎಷ್ಟು ಸಲೀಸು ಅಲ್ವಾ" ಎಂದಳು.

ಹೀಗೆ ಬೆಳೆದವಳಿಗೆ ಕೋರ್ಟು ತವರುಮನೆಯಂತೆ ಕಂಡಿದ್ದರಲ್ಲಿ ವಿಶೇಷವಿಲ್ಲ. ಅಲ್ಲಿ ಎಲ್ಲಕ್ಕೂ ಒಂದು ನಮೂನೆ, ಪ್ರತಿ ನಮೂನೆಗೂ ಒಂದು ಅಂಚು. ಮೂವತ್ತು ದಾಟುವಷ್ಟರಲ್ಲಿ ಅವಳಷ್ಟು ಚುರುಕಿನವರು ಆ ಕಟ್ಟಡದಲ್ಲೇ ಇರಲಿಲ್ಲ. ಶೀಘ್ರಲಿಪಿಯನ್ನೂ ಕಲಿತಳು. ಬೆರಳು ತಣ್ಣಗಾಗಬಾರದೆಂದು, ಸಾಹೇಬರು ಬರೆಸಲು ಶುರುಮಾಡುವ ಮೊದಲು ಸಾಕ್ಷಿ ಆಡುತ್ತಿದ್ದ ಮಾತನ್ನೇ ತನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುವುದು ಅವಳ ಅಭ್ಯಾಸ. ಅದನ್ನು ಯಾರೂ ಕೇಳುತ್ತಿರಲಿಲ್ಲ, ಅವಳೂ ತಿರುಗಿ ನೋಡುತ್ತಿರಲಿಲ್ಲ. ತುಂಬಿದ ನೋಟ್‌ಬುಕ್ಕುಗಳು ಮನೆಯ ಕಬ್ಬಿಣದ ಬೀರುವಿನ ತಳಕ್ಕೆ ಹೋಗುತ್ತಿದ್ದವು. ಯಾವ ವಕೀಲ ಎಲ್ಲಿ ತೊದಲುತ್ತಾನೆ, ಯಾವ ಸಾಹೇಬರು ಊಟಕ್ಕೆ ಮುಂಚೆ ಅವಸರ ಮಾಡುತ್ತಾರೆ, ಎಲ್ಲ ಅವಳಿಗೆ ಕರತಲಾಮಲಕ. ತಾನು ಈ ಯಂತ್ರದ ಒಂದು ಒಳ್ಳೆಯ ಹಲ್ಲು ಎಂಬ ಹೆಮ್ಮೆ ಅವಳಿಗಿತ್ತು, ಆ ಹೆಮ್ಮೆ ಸುಳ್ಳೂ ಆಗಿರಲಿಲ್ಲ.

ಅವಳಿಗೆ ಮೂವತ್ತನಾಲ್ಕಾಗಿದ್ದಾಗ ಬೀಗದವನ ಕೇಸು ಬಂತು.

ಹಾಸಿಗೆ ಹೊಲಿಯುವ ಒಂದು ಕಾರ್ಖಾನೆಗೆ ಸಂಜೆ ಏಳರ ಸುಮಾರಿಗೆ ಬೆಂಕಿ ಬಿದ್ದಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಒಬ್ಬ ಮನುಷ್ಯ ಸತ್ತಿದ್ದ. ಅವನು ಕಾವಲುಗಾರ ಎಂದು ಮಾಲೀಕ ಹೇಳಿಕೆ ಕೊಟ್ಟ. ಆರೋಪಿ ಅದೇ ರಸ್ತೆಯಲ್ಲಿ ಬೀಗ ರಿಪೇರಿ ಮಾಡುವವನು. ತಿಂಗಳ ಹಿಂದೆ ಮಾಲೀಕ ಅವನನ್ನು ನಾಲ್ಕು ಜನರೆದುರು ಕಳ್ಳ ಎಂದು ಬೈದಿದ್ದ, ಅದಕ್ಕೇ ಸೇಡು ತೀರಿಸಿಕೊಂಡಿದ್ದಾನೆ ಎಂದು ಪೊಲೀಸರ ವಾದ. ಬೀಗದವನು, "ನಾನು ಆ ಸಂಜೆ ಅತ್ತ ಸುಳಿದೇ ಇಲ್ಲ" ಎಂದ. ಹಾಗಾಗಿ ಇಡೀ ಕೇಸು ಒಬ್ಬ ಸಾಕ್ಷಿಯ ಮೇಲೆ ನಿಂತಿತ್ತು: ಕಾರ್ಖಾನೆಯ ಎದುರು ಕಾಲುದಾರಿಯಲ್ಲಿ ಗುಂಡಿ, ದಾರ, ಪಿನ್ನು ಮಾರುವ ಮುದುಕಿ.

ಮುದುಕಿ ಬಂದದ್ದು ಊಟದ ವಿರಾಮಕ್ಕೆ ಹತ್ತು ನಿಮಿಷವಿರುವಾಗ. ಸರ್ಕಾರಿ ವಕೀಲರು ಕೇಳಿದರು, "ಬಾಗಿಲ ಹತ್ತಿರ ಯಾರಿದ್ರು?"

ಮುದುಕಿ ಆರೋಪಿಯ ಕಡೆ ನೋಡಿದಳು, ಕಣ್ಣು ಕಿರಿದು ಮಾಡಿದಳು. "ಬಾಗಿಲ ಕಡೆ ತಿರುಗಿ ನಿಂತಿದ್ದ ಸ್ವಾಮಿ. ಬೆನ್ನು ಕಾಣ್ತಿತ್ತು. ಇವನೇ ಇದ್ದ ಹಾಗಿತ್ತು."

ಸಾಹೇಬರು ಗಡಿಯಾರ ನೋಡಿ ಬರೆಸಿದರು: "ಬಾಗಿಲ ಬಳಿ ಆರೋಪಿಯೇ ಇದ್ದ."

ಟಕಟಕಮ್ಮ ಟೈಪ್ ಮಾಡಿದಳು. ಕೊನೆಗೊಂದು ಚುಕ್ಕೆ ಇಟ್ಟಳು. ಶಿರಸ್ತೇದಾರರು ಅದನ್ನು ಗಡಗಡ ಓದಿದರು, ಮುದುಕಿ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು, ಎಲ್ಲರೂ ಊಟಕ್ಕೆ ಎದ್ದರು. ಬೀಗದವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ದಿನ ಅವಳಿಗೆ ಏನಾದರೂ ಅನ್ನಿಸಿತಾ ಎಂದರೆ, ಇಲ್ಲ. ಆಮೇಲೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದೇ. ಆ ಮಧ್ಯಾಹ್ನ ಅವಳು ಹೊಟ್ಟೆ ತುಂಬ ಉಂಡಿದ್ದಳು.

ಮೂರು ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ಅಪ್ಪನಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಚಪ್ಪಲಿ, ಆಮೇಲೆ ದಿನಗಳೇ ಕಳೆದುಹೋಗತೊಡಗಿದವು. ತಂಗಿ ಶಾಲೆಯಲ್ಲಿ ಟೀಚರು, ಬೆಳಿಗ್ಗೆ ಬೇಗ ಹೋಗುವವಳು. ಅಪ್ಪನಿಗೆ ತಟ್ಟೆ ಮುಚ್ಚಿಟ್ಟು ಕೋರ್ಟಿಗೆ ಹೋಗುವುದು, ಮಧ್ಯಾಹ್ನ ಓಡಿಬಂದು ನೋಡುವುದು ಇವಳ ಪಾಲಿನ ಕೆಲಸ.

ಒಂದು ಮಧ್ಯಾಹ್ನ ಎರಡು ಗಂಟೆಗೆ ಬಂದು ಕೇಳಿದಳು, "ಅಪ್ಪ, ಊಟ ಆಯ್ತಾ?"

ಅಪ್ಪ ಕಿಟಕಿಯ ಕಡೆ ನೋಡುತ್ತ, "ಮಾಡಿದ ಹಾಗಿತ್ತು" ಎಂದರು.

ಕೋರ್ಟಿಗೆ ವಾಪಸು ಹೋಗಲು ಹದಿನೈದು ನಿಮಿಷವಿತ್ತು. "ಹಾಗಿತ್ತು ಅಂದ್ರೆ ಏನಪ್ಪ? ಮಾಡಿದ್ರಾ, ಇಲ್ವಾ? ಒಂದು ಹೇಳಿ."

ಅಪ್ಪ ಅವಳ ಮುಖ ನೋಡಿದರು. ಹನ್ನೊಂದು ಗಡಿಯಾರ ಆಳಿದ ಮನುಷ್ಯನ ಕಣ್ಣಿನಲ್ಲಿ ಹೆದರಿಕೆ ಇತ್ತು. "ಮಾಡಿದೆ" ಎಂದರು, ಪಾಠ ಒಪ್ಪಿಸುವ ಹಾಗೆ.

ಅವಳು ಹೊರಟುಹೋದಳು. ಸಂಜೆ ಬಂದು ನೋಡಿದರೆ ತಟ್ಟೆಯ ಮುಚ್ಚಳ ತೆಗೆದೇ ಇರಲಿಲ್ಲ. ಅಪ್ಪ ಬೆಳಿಗ್ಗೆಯಿಂದ ಉಪವಾಸ ಕೂತಿದ್ದರು, ಮಗಳಿಗೆ 'ಮಾಡಿದೆ' ಎಂದು ಹೇಳಿದ ಮೇಲೆ ತಿನ್ನುವುದು ಹೇಗೆ ಎಂದೋ ಏನೋ.

ಅವರಿಗೆ ತುತ್ತು ಕೊಡುತ್ತಿದ್ದಾಗ ಅವಳಿಗೆ ನೆನಪಾಯಿತು. ಆ ಮಾತು, ಆ ಧಾಟಿ, ತಾನೆಲ್ಲೋ ಕೇಳಿದ್ದು. ಗುಂಡಿ ಮಾರುವವಳ ಕಿರಿದಾದ ಕಣ್ಣು ಎದುರಿಗೆ ಬಂತು. ಇವನೇ ಇದ್ದ ಹಾಗಿತ್ತು. ಹಾಗಾದರೆ ತಾನು ಟೈಪ್ ಮಾಡಿದ್ದೇನು?

ಮರುದಿನ ದಾಖಲೆ ಕೋಣೆಗೆ ಹೋಗಿ ಆ ಫೈಲು ತೆಗೆಸಿದಳು. 'ಬಾಗಿಲ ಬಳಿ ಆರೋಪಿಯೇ ಇದ್ದ.' ಅವಳದೇ ಅಚ್ಚುಕಟ್ಟು ಅಕ್ಷರ, ಅವಳದೇ ಚುಕ್ಕೆ. ಮನೆಗೆ ಬಂದು ಬೀರುವಿನ ತಳ ತಡಕಿದಳು. ಆ ತಿಂಗಳ ನೋಟ್‌ಬುಕ್ಕು ಸಿಕ್ಕಿತು. ಶೀಘ್ರಲಿಪಿಯಲ್ಲಿ 'ಹಾಗೆ' ಎಂಬುದಕ್ಕೆ ಕೊಕ್ಕೆಯಂಥ ಒಂದು ಗೆರೆ. ಆ ಸಾಲಿನ ಕೊನೆಯಲ್ಲಿ ಕೊಕ್ಕೆ ಇತ್ತು, ಪುಟಾಣಿ, ಸ್ಪಷ್ಟ.

ಅವತ್ತಿನಿಂದ ಮಧ್ಯಾಹ್ನ ಎಂದರೆ ಅವಳಿಗೆ ನಡುಕ. ಬೇರೆಯವರನ್ನು ಕತ್ತಲು ಕಾಡಿದರೆ ಇವಳನ್ನು ಕಾಡಿದ್ದು ನಡು ಬಿಸಿಲು. ಊಟದ ವಿರಾಮ ಹತ್ತಿರ ಬಂದು, ಫ್ಯಾನು ಕಿರುಗುಟ್ಟಿ, ವಕೀಲರು ಕೈಗಡಿಯಾರ ನೋಡಿಕೊಳ್ಳಲು ತೊಡಗಿದರೆ ಸಾಕು, ಖಾಲಿ ಕಟಕಟೆಯಿಂದ ಆ ಮುದುಕಿಯ ಒಣ ಧ್ವನಿ ಕೇಳುತ್ತಿತ್ತು. ಕಿವಿಯಲ್ಲಲ್ಲ, ಬೆರಳುಗಳಲ್ಲಿ. ಬೆರಳು ತಾನಾಗಿ ಆ ಕೊಕ್ಕೆಯನ್ನು ಮೇಜಿನ ಮೇಲೆ ಗೀಚುತ್ತಿತ್ತು. ಒಮ್ಮೆ ಯಾವುದೋ ಸೈಟಿನ ಜಗಳದ ಹೇಳಿಕೆಯ ನಡುವೆ 'ಹಾಗಿತ್ತು ಹಾಗಿತ್ತು ಹಾಗಿತ್ತು' ಎಂದು ಅರ್ಧ ಸಾಲು ಟೈಪಾಗಿ, ಶಿರಸ್ತೇದಾರರು ಕಾಗದ ಕಿತ್ತು ಅವಳ ಮುಂದೆ ಹಿಡಿದರು.

ಅವರಿಗೆ ಎಲ್ಲ ಹೇಳಿಬಿಟ್ಟಳು. ಶಿರಸ್ತೇದಾರರು ಕೆಟ್ಟವರಲ್ಲ. ನಿಧಾನಕ್ಕೆ ಕೇಳಿಸಿಕೊಂಡು, "ನೋಡಮ್ಮ, ನೀನು ಟೈಪ್ ಮಾಡೋದು ಸಾಹೇಬರ ಬಾಯಿ. ಸಾಕ್ಷಿ ಬಾಯಲ್ಲ. ಅದು ನಿನ್ನ ತಲೆನೋವೇ ಅಲ್ಲ" ಎಂದರು.

"ನಂಗೆ ಕೇಳಿಸಿತ್ತಲ್ಲ ಸಾರ್."

"ನಂಗೂ ಕೇಳಿಸಿತ್ತೇನೋ. ಈ ಹಾಲಲ್ಲಿ ಕೇಳಿಸಿದ್ದನ್ನೆಲ್ಲ ಹೊತ್ಕೊಂಡ್ರೆ ಮೆಟ್ಟಿಲು ಇಳಿಯೋಕಾಗುತ್ತಾ?"

ಮೂರು ವರ್ಷದ ಹಿಂದಾಗಿದ್ದರೆ ಆ ಮಾತು ಅವಳಿಗೆ ಸಾಕಾಗುತ್ತಿತ್ತು. ನಿಯಮ ಇದೆ, ನಿಯಮದಂತೆ ನಡೆದೆ, ಮುಗಿಯಿತು. ಈಗ ಅದು ಗಂಟಲಲ್ಲಿ ಇಳಿಯಲಿಲ್ಲ. ನಿಯಮ ಸರಿ ಇದ್ದು, ಎಲ್ಲರೂ ಅದರಂತೆ ನಡೆದು, ಆದರೂ ಒಂದು ತಪ್ಪು ಆಗಬಹುದು ಎಂಬುದು ಅವಳಿಗೆ ಆವರೆಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಕಾಲಡಿಯ ನೆಲವೇ ತುಸು ಓರೆಯಾದ ಹಾಗೆ ನಡೆಯತೊಡಗಿದಳು.

ಒಂದು ಭಾನುವಾರ ಗುಂಡಿ ಮಾರುವವಳನ್ನು ಹುಡುಕಿಕೊಂಡು ಹೋದಳು. ಮುದುಕಿ ಅದೇ ಕಾಲುದಾರಿಯಲ್ಲಿ, ಅದೇ ಪೆಟ್ಟಿಗೆಯ ಹಿಂದೆ ಇದ್ದಳು. ಎದುರಿನ ಕಾರ್ಖಾನೆಯ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ. ಆರು ಕಪ್ಪು ಗುಂಡಿ ಕೊಂಡು, ಮಾತಿಗೆ ಮಾತು ಸೇರಿಸಿ ಕೇಳಿದಳು, "ಅಜ್ಜಿ, ಬೆಂಕಿ ಬಿದ್ದ ದಿನ ನೀವು ಒಬ್ಬನ್ನ ನೋಡಿದ್ರಲ್ಲ, ಮುಖ ಕಾಣಿಸಿತ್ತಾ?"

"ಕಾಣದೆ ಏನು. ಆ ಬೀಗದವನೇ. ಈ ಕಣ್ಣಾರೆ ನೋಡಿದೀನಿ."

"ಬೆನ್ನು ಮಾತ್ರ ಕಾಣ್ತಿತ್ತು ಅಂತ ಅಂದಿದ್ರಂತೆ."

"ಯಾರಂದೋರು? ತಿರುಗಿ ನೋಡಿದ, ಕಣ್ಣು ಕೆಂಪಗಿತ್ತು. ಕೋರ್ಟೇ ಹೌದು ಅಂದಿದೆ, ನೀನ್ಯಾರಮ್ಮ ಅಲ್ಲ ಅನ್ನೋಕೆ?"

ಟಕಟಕಮ್ಮ ಗುಂಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಮುದುಕಿ ಸುಳ್ಳು ಹೇಳುತ್ತಿರಲಿಲ್ಲ. ಕಾಗದದಲ್ಲಿ ಬರೆದದ್ದು ಅವಳ ತಲೆಯೊಳಗೆ ಹೋಗಿ, ನೆನಪಾಗಿ ಬೇರುಬಿಟ್ಟು, ಕೆಂಪು ಕಣ್ಣನ್ನೂ ಬೆಳೆಸಿಕೊಂಡಿತ್ತು. ಇಡೀ ಲೋಕದಲ್ಲಿ ಈಗ ಆ 'ಹಾಗೆ' ಉಳಿದಿದ್ದು ಎರಡೇ ಕಡೆ, ಬೀರುವಿನ ತಳದಲ್ಲಿ ಮತ್ತು ತನ್ನೊಳಗೆ. ತಾನು ಸತ್ತರೆ ಅದಕ್ಕೆ ದಿಕ್ಕಿಲ್ಲ.

ಬಡವರ ಕೇಸು ನಡೆಸುವ ಒಬ್ಬ ವಕೀಲೆಗೆ ನೋಟ್‌ಬುಕ್ಕು ಕೊಟ್ಟು ಪ್ರಮಾಣಪತ್ರ ಬರೆದುಕೊಟ್ಟಳು. "ಕೆಲಸಕ್ಕೆ ಸಂಚಕಾರ ಬರುತ್ತೆ, ಯೋಚನೆ ಮಾಡಿದೀರಾ?" ಎಂದು ವಕೀಲೆ ಕೇಳಿದರೆ, "ಯೋಚನೆ ಮಾಡೋದು ಈಗಷ್ಟೇ ಕಲೀತಿದೀನಿ" ಎಂದಳು. ಅರ್ಜಿ ಒಂದೂವರೆ ವರ್ಷ ಓಡಾಡಿತು. ಕೊನೆಗೆ ಮೇಲಿನ ಕೋರ್ಟು, ಟೈಪಿಸ್ಟ್ ಒಬ್ಬಳ ಖಾಸಗಿ ಗೀಚಾಟ ದಾಖಲೆಯಲ್ಲ, ಸಾಕ್ಷಿ ಕೂಡ ತನ್ನ ಹೇಳಿಕೆಗೇ ಬದ್ಧಳಾಗಿದ್ದಾಳೆ, ಎಂದು ವಜಾ ಮಾಡಿತು. ಅವಳನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಅದೇ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ಏನು ಕೇಳಿದರೂ ಮೊದಲು ಮಗಳ ಮುಖ ನೋಡಿ, ಯಾವ ಉತ್ತರ ಬೇಕೆಂದು ಅಂದಾಜು ಮಾಡಿ ಹೇಳುತ್ತಿದ್ದರು. ಅದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ.

ಆಮೇಲಿನ ಎರಡು ವರ್ಷ ಅವಳು ತೀರಾ ಕಹಿಯಾದಳು. ನೆಲಮಾಳಿಗೆಯಲ್ಲಿ ಸಾಲು ಸಾಲು ಕಬ್ಬಿಣದ ಕಪಾಟು, ಕಪಾಟಿನ ತುಂಬ ಕೆಂಪು ದಾರ ಕಟ್ಟಿದ ಫೈಲು. ಎಲ್ಲದರ ಮೇಲೂ ಅವಳಿಗೆ ಅನುಮಾನ. ಇದರಲ್ಲಿ ಎಷ್ಟು 'ಹಾಗೆ' ಉದುರಿಹೋಗಿವೆಯೋ ಎಂದು ದಾರ ಬಿಚ್ಚಿ ಓದುವಳು, ಮತ್ತೆ ಕಟ್ಟುವಳು. ಕಪಾಟಿನ ಸಾಲುಗಳ ನಡುವೆ ನಡೆಯುವಾಗ ಬೆನ್ನ ಹಿಂದೆ ಯಾರೋ ಮಾತು ನಿಲ್ಲಿಸಿದ ಹಾಗೆ ಅನ್ನಿಸಿ ತಿರುಗಿ ನೋಡುತ್ತಿದ್ದಳು. ಮನೆಯಲ್ಲಿ ತಂಗಿ ಪೇಪರು ಓದಿದರೆ "ಎಲ್ಲ ಸುಳ್ಳು", ಪಕ್ಕದ ಮನೆಯವರು ಕುಶಲ ಕೇಳಿದರೆ "ಎಲ್ಲ ನಾಟಕ".

ತಂಗಿ ಒಂದು ದಿನ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟಳು. "ಅಕ್ಕ, ಮೊದಲು ನಿಂಗೆ ಎಲ್ಲಾ ನಿಜ. ಈಗ ಎಲ್ಲಾ ಸುಳ್ಳು. ಎರಡರಲ್ಲೂ ತಲೆ ಓಡಿಸೋ ಕೆಲಸ ಇಲ್ಲ ನೋಡು, ಆರಾಮ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಬಟ್ಟೆ ಮಡಿಸುವಾಗ ತಾನಾಗಿ ನಗು ಬಂತು. ತಂಗಿ ಚಿಕ್ಕವಳಿದ್ದಾಗಿನಿಂದ ಹಾಗೇ, ಎಲ್ಲಿ ಒತ್ತಿದರೆ ನೋಯುತ್ತದೋ ಅಲ್ಲೇ ಬೆರಳಿಡುವವಳು.

ಬೀಗದವನು ಎಂಟು ವರ್ಷಕ್ಕೆ ಹೊರಬಂದ. ಒಳ್ಳೆಯ ನಡತೆಗೆ ಎರಡು ವರ್ಷ ಕಡಿಮೆಯಾಗಿತ್ತು. ಬಸ್ ನಿಲ್ದಾಣದ ಹಿಂಬದಿಯಲ್ಲಿ ಚಿಕ್ಕ ಗೂಡಂಗಡಿ ಹಾಕಿದ್ದಾನೆಂದು ವಕೀಲೆ ತಿಳಿಸಿದಳು. ಟಕಟಕಮ್ಮ ಒಂದು ಮಧ್ಯಾಹ್ನ ರಜೆ ಹಾಕಿ ಹೋದಳು. ಹೋಗುವ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಸಾಲು ಸಾಲಾಗಿ ಕಟ್ಟಿಕೊಂಡಿದ್ದಳು. ಅವನು ಬೈದರೆ ಬೈಸಿಕೊಳ್ಳಬೇಕು, ಹೊಡೆಯಲು ಬಂದರೆ ನಿಲ್ಲಬೇಕು ಎಂದೂ ನಿರ್ಧರಿಸಿದ್ದಳು.

ಗೂಡಿನಲ್ಲಿ ಸಣ್ಣ ಮೈಯ, ನರೆತ ತಲೆಯ ಮನುಷ್ಯ ಒಂದು ಸೂಟ್‌ಕೇಸಿನ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಅವಳು ತಾನಾರೆಂದು ಹೇಳಿದಳು. ಮುದುಕಿ ಆಡಿದ ಮಾತು, ತಾನು ಟೈಪ್ ಮಾಡಿದ್ದು, ಎರಡನ್ನೂ ಹೇಳಿದಳು. ಅವನು ಬೀಗ ಕೆಳಗಿಡಲಿಲ್ಲ.

"ಗೊತ್ತು. ನಿಮ್ಮ ಅರ್ಜಿ ವಿಷಯ ವಕೀಲಮ್ಮ ಜೈಲಿಗೆ ಬಂದು ಹೇಳಿದ್ರು. ಆವಾಗ ನಂಗೆ ಬಹಳ ಹೆದರಿಕೆ ಆಯ್ತು."

"ಹೆದರಿಕೆನಾ?"

"ನೀವು ಗೆದ್ದುಬಿಟ್ರೆ ಅಂತ." ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನಾನು ಅಲ್ಲಿದ್ದೆ ಅಮ್ಮ. ಅಜ್ಜಿ ನೋಡಿದ್ದು ನನ್ನನ್ನೇ."

ಅವಳಿಗೆ ಬಸ್ಸುಗಳ ಸದ್ದು ಒಮ್ಮೆ ನಿಂತುಹೋದಂತಾಯಿತು. ಸ್ಟೂಲು ತೋರಿಸಿದ, ಕೂತಳು. ಅವನು ತಲೆಯೆತ್ತದೆ ಹೇಳುತ್ತ ಹೋದ. ಕಾರ್ಖಾನೆಯ ಹಳೆ ಬೀಗದ ಕೀಲಿ ಕಳೆದಿತ್ತು. ಮಾಲೀಕ ಬೈದದ್ದು ಬೈದು, ತಿಂಗಳಾದ ಮೇಲೆ ಮತ್ತೆ ಇವನಿಗೇ ಹೇಳಿಕಳಿಸಿದ್ದ, ಸಂಜೆ ಬಂದು ಹೊಸ ಬೀಗ ಕೂಡಿಸಿ ಹೋಗು ಎಂದು. ಇವನು ಹೋದ, ಕೊಂಡಿ ಬಡಿದ, ಬೀಗ ಹಾಕಿದ, ಕೀಲಿಯನ್ನು ಮಾಲೀಕನ ಮನೆಗೆ ಕೊಡಲು ಹೊರಟ. ಅರ್ಧ ದಾರಿಯಲ್ಲಿ ಹೊಗೆ ಕಂಡಿತು. ಬೆಂಕಿ ಹೇಗೆ ಬಿತ್ತೋ ಅವನಿಗೆ ಗೊತ್ತಿಲ್ಲ. ತಾನು ಹೇಳಿಕಳಿಸಲೇ ಇಲ್ಲ ಎಂದು ಮಾಲೀಕ ಸಾಧಿಸಿದ. ಅವನ ಮೊದಲ ವಕೀಲ, "ಅಲ್ಲಿದ್ದೆ ಅಂದ್ರೆ ಮುಗೀತು. ಇರಲೇ ಇಲ್ಲ ಅನ್ನು" ಎಂದು ಕಲಿಸಿದ.

"ಬೀಗ ಹಾಕೋ ಮೊದಲು ಒಳಗೆ ಯಾರಾದ್ರೂ ಇದೀರಾ ಅಂತ ಒಂದ್ಸಲ ಕೂಗೋದು ನಮ್ಮ ಕಸುಬಿನಲ್ಲಿ ಮೊದಲನೇ ಪಾಠ. ನಾನು ಕೂಗಲಿಲ್ಲ. ಆ ಮಾಲೀಕನ ಮೇಲೆ ಸಿಟ್ಟಿತ್ತು, ಬೇಗ ಕೆಲಸ ಮುಗಿಸಿ ಹೋಗಬೇಕಿತ್ತು. ಬಾಗಿಲು ಎಳೆದೆ, ಹಾಕಿದೆ. ಎಂಟು ವರ್ಷ ದಿನಾ ಆ ಬಾಗಿಲ ಮುಂದೆ ನಿಂತು ಕೂಗಿದೀನಿ. ಒಂದೊಂದು ಸಲ ಒಳಗಿಂದ ಓ ಅಂತ ಕೇಳಿಸುತ್ತೆ."

ಅವಳು ಕಟ್ಟಿಕೊಂಡು ಬಂದ ಸಾಲುಗಳೆಲ್ಲ ಬಾಯಲ್ಲೇ ಕರಗಿಹೋದವು. ಕಾಗದದಲ್ಲಿದ್ದುದು ನಿಜವಾಗಿತ್ತು, ಅದನ್ನು ಟೈಪ್ ಮಾಡಿದ್ದು ತಪ್ಪಾಗಿತ್ತು. ಇವನು ಬೆಂಕಿ ಹಚ್ಚಲಿಲ್ಲ, ಆದರೂ ಇವನ ಕೈಯಿಂದ ಆದದ್ದು ಆಗಿತ್ತು. ಇವನು ಕೋರ್ಟಿನಲ್ಲಿ ಸುಳ್ಳು ಹೇಳಿದ್ದ, ಆದರೂ ಇವನಿಗೆ ಆದದ್ದು ಅನ್ಯಾಯ. ಚಿಕ್ಕಂದಿನಲ್ಲಾಗಿದ್ದರೆ ಇಷ್ಟನ್ನೂ ಒಟ್ಟಿಗೆ ಹಿಡಿಯಲು ಅವಳಿಗೆ ಜಾಗವೇ ಇರುತ್ತಿರಲಿಲ್ಲ. ಯಾವುದಾದರೂ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತಿದ್ದಳು. ಈಗ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಭಾರವಾಗಿತ್ತು, ಆದರೆ ಯಾವುದನ್ನೂ ಕೆಳಗೆ ಚೆಲ್ಲಬೇಕು ಅನ್ನಿಸಲಿಲ್ಲ.

"ನನ್ನ ಮೇಲೆ ಸಿಟ್ಟಿಲ್ವಾ?" ಎಂದು ಕೇಳಿದಳು.

"ಇದೆ" ಎಂದ ಅವನು. "ನಿಮ್ಮೊಬ್ಬರ ಮೇಲೇ ಇದ್ದಿದ್ರೆ ಸಲೀಸಿತ್ತು."

ಅದಾದ ವರ್ಷಕ್ಕೆ ಟೈಪಿಸ್ಟರು ಕಡಿಮೆ ಬಿದ್ದು ಅವಳನ್ನು ಮತ್ತೆ ಎರಡನೇ ಮಹಡಿಗೆ ಕರೆದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು, ಗಿಡ್ಡ ಕಾಲಿನ ಮೇಜಿನ ಜಾಗದಲ್ಲಿ ಹೊಸ ಮೇಜು. ಸಾಹೇಬರೂ ಹೊಸಬರು, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಮೊದಲ ವಾರದಲ್ಲೇ ಒಬ್ಬ ಹಾಲಿನವನು ಅಪಘಾತದ ಕೇಸಿನಲ್ಲಿ, "ಲಾರಿ ಜೋರಾಗಿ ಬಂದಿರಬಹುದು" ಎಂದ. ಸಾಹೇಬರು, "ಲಾರಿ ಅತಿವೇಗದಿಂದ ಬಂತು" ಎಂದು ಬರೆಸಿದರು.

ಅವಳ ಬೆರಳು ನಿಂತಿತು. ಕೋರ್ಟು ಪೂರ್ತಿ ಅವಳ ಕಡೆ ತಿರುಗಿತು. ಆ ಕಟ್ಟಡದಲ್ಲಿ ಟಕಟಕ ಸದ್ದು ನಿಂತದ್ದನ್ನು ಯಾರೂ ಕೇಳಿರಲಿಲ್ಲ.

"ಏನಾಯ್ತು?" ಎಂದರು ಸಾಹೇಬರು.

ಅವಳು ಎದ್ದು ನಿಂತಳು. "ಸಾಕ್ಷಿ 'ಬಂದಿರಬಹುದು' ಅಂದ್ರು ಸಾರ್. ಹಾಗೇ ಹಾಕಲಾ?"

ಸಾಹೇಬರ ಹುಬ್ಬು ಗಂಟಾಯಿತು. ಶಿರಸ್ತೇದಾರರು ಮೇಲೆ ಚಾವಣಿ ನೋಡಿದರು. ಹಾಲಿನವನು ಮಾತ್ರ ಗಾಬರಿಯಿಂದ, "ಹೌದು ಸ್ವಾಮಿ, ನಾನು ಸದ್ದು ಕೇಳಿದ್ದು, ನೋಡಿದ್ದಲ್ಲ" ಎಂದುಬಿಟ್ಟ. ಸಾಹೇಬರು "ಹಾಕಿ" ಎಂದರು. ಅವರಿಗೆ ಇಷ್ಟವಾಗಲಿಲ್ಲ ಎಂಬುದು ಮುಖದಲ್ಲೇ ಇತ್ತು. ಆ ವರ್ಷ ಹಾಗೆ ನಾಲ್ಕೈದು ಸಲ ಎದ್ದಳು. ಒಮ್ಮೆ ಅವಳೇ ತಪ್ಪು ಕೇಳಿಸಿಕೊಂಡು ಬೈಸಿಕೊಂಡಳು. ಬೈಸಿಕೊಂಡು ಕೂತಾಗ, ತನ್ನ ಕಿವಿಯೂ ನಂಬಿಕೆಗೆ ಪೂರ್ತಿ ಯೋಗ್ಯವಲ್ಲವಲ್ಲ ಎಂದು ಒಂಥರಾ ನಗು ಬಂತು.

ಬೀಗದವನ ಗೂಡಿಗೆ ಆಗಾಗ ಹೋಗುತ್ತಿದ್ದಳು. ಒಂದು ದಿನ ಅವನು ಇದ್ದಕ್ಕಿದ್ದಂತೆ ಕೇಳಿದ, "ಒಳಗಿದ್ದವರು ಯಾರು ಅಂತ ನಿಮಗೆ ಗೊತ್ತಾ?"

"ಕಾವಲುಗಾರ" ಎಂದಳು. ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ಮುದುಕಿಯ ಮಾತು ಕಾಡಿತ್ತು, ಇವನ ಜೈಲು ಕಾಡಿತ್ತು, ತನ್ನ ಬೆರಳು ಕಾಡಿತ್ತು. ಸತ್ತವನು ಮಾತ್ರ ಫೈಲಿನಲ್ಲಿ ಒಂದು ಪದವಾಗಿಯೇ ಉಳಿದಿದ್ದ. ಆ ಪದವನ್ನು ಅವಳು ನಲವತ್ತು ಸಲವಾದರೂ ಟೈಪ್ ಮಾಡಿರಬೇಕು.

ಫೈಲಿನಲ್ಲಿ ಸತ್ತವನ ಮಗಳ ವಿಳಾಸವಿತ್ತು. ವಿಚಾರಿಸಿದರೆ, ಅವಳು ಒಂದು ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದಾಳೆ ಎಂದು ತಿಳಿಯಿತು. ಮೊದಲೇ ಹೇಳಿಕಳಿಸಿ, ಅವಳು ಒಪ್ಪಿದ ಮೇಲೆ, ಇಬ್ಬರೂ ಅವಳ ಊಟದ ಹೊತ್ತಿಗೆ ಹೋದರು. ಕಿಟಕಿಯಿಲ್ಲದ ಸಣ್ಣ ಕೋಣೆ. ತಿರುಗುವ ಕಲ್ಲು, ಅದರ ಮೇಲೆ ತೊಟ್ಟಿಕ್ಕುವ ನೀರು, ತಟ್ಟೆಗಳಲ್ಲಿ ಜೋಡಿ ಜೋಡಿಯಾಗಿ ಗಾಜು. ಮೂವತ್ತರ ಆಸುಪಾಸಿನ ಹೆಂಗಸು ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಬೀಗದವನನ್ನು ಬಹಳ ಹೊತ್ತು ನೋಡಿದಳು. ಅವನು ನಿಂತೇ ಎಲ್ಲ ಹೇಳಿದ. ಬೀಗ ಹಾಕಿದ್ದು ತಾನು. ಕೂಗಲಿಲ್ಲ. ಟಕಟಕಮ್ಮ ತನ್ನ ಪಾಲಿನದು ಹೇಳಿದಳು.

ಮಗಳು ಅಳಲಿಲ್ಲ. "ನೀವೆಲ್ಲ ಕಾವಲುಗಾರ ಅಂತ ಬರ್ಕೊಂಡ್ರಿ" ಎಂದಳು. "ಅಪ್ಪ ಕಾವಲುಗಾರ ಅಲ್ಲ. ಹತ್ತಿ ತುಂಬೋರು. ಕೆಲಸದ ಹೊತ್ತು ಮುಗಿದ ಮೇಲೂ ಆಳನ್ನ ಒಳಗೆ ಇಟ್ಕೊಂಡಿದ್ದೆ ಅಂದ್ರೆ ಮಾಲೀಕನ ತಲೆಗೆ ಬರುತ್ತಲ್ಲ, ಅದಕ್ಕೆ ಹಾಗೆ ಹೇಳಿದ. ನಾನು ಪೊಲೀಸರ ಹತ್ರ ಹೇಳಿದೆ. ಅವರು ಬರ್ಕೊಳ್ಳಲಿಲ್ಲ."

"ನಾನು ಕೂಗಿದ್ರೆ..." ಎಂದು ಬೀಗದವನು ಶುರುಮಾಡಿದ.

"ಅಪ್ಪನಿಗೆ ಒಂದು ಕಿವಿ ಕೇಳಿಸ್ತಿರಲಿಲ್ಲ. ಹತ್ತಿ ಎಳೆಯೋ ಯಂತ್ರದ ಪಕ್ಕ ಇಪ್ಪತ್ತು ವರ್ಷ. ಇನ್ನೊಂದು ಚೆನ್ನಾಗಿತ್ತು. ಸುಸ್ತಾದ್ರೆ ಅಲ್ಲೇ ನಿದ್ದೆ ಹೋಗೋರು, ಅವತ್ತು ಯಾವ ಮಗ್ಗುಲಿಗೆ ಮಲಗಿದ್ರೋ." ಒಂದು ಗಾಜು ಕೈಗೆತ್ತಿ ಬೆಳಕಿಗೆ ಹಿಡಿದು ಮತ್ತೆ ಇಟ್ಟಳು. "ಕೂಗಿದ್ರೆ ಕೇಳಿಸ್ತಿತ್ತು ಅಂತ ನಾನು ಹೇಳಲ್ಲ. ಕೇಳಿಸ್ತಿರಲಿಲ್ಲ ಅಂತಾನೂ ಹೇಳಲ್ಲ. ನೀವು ಅದನ್ನ ಕೇಳೋಕೆ ಬಂದಿದ್ರೆ, ನನ್ನ ಹತ್ರ ಇಲ್ಲ."

ಕಲ್ಲಿನ ಮೇಲೆ ನೀರು ಬೀಳುತ್ತಿತ್ತು. ಹೊರಟುಬಿಡಬೇಕೇನೋ ಎಂದು ಬೀಗದವನು ಬಾಗಿಲ ಕಡೆ ನೋಡಿದ. ಆಗ ಟಕಟಕಮ್ಮ ಕೇಳಿದಳು, "ಅವರು ಹೇಗಿದ್ರು?"

ಮಗಳು ಮೊದಲು ತಲೆ ಅಲ್ಲಾಡಿಸಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಅಪ್ಪನಿಗೆ ಹತ್ತಿ ಮೂಗಿಗೆ ಹೋಗಿ ದಿನವಿಡೀ ಸೀನು, ಅದಕ್ಕೇ ಮನೆಗೆ ಅವರಿಗಿಂತ ಮೊದಲು ಅವರ ಸೀನು ಬರುತ್ತಿತ್ತು ಎಂದಳು. ದಿಂಬನ್ನು ಒತ್ತಿ ನೋಡಿಯೇ ಇದರ ಮೇಲೆ ಮಲಗುವವರಿಗೆ ಒಳ್ಳೆಯ ನಿದ್ದೆ ಬರುತ್ತದೋ ಇಲ್ಲವೋ ಹೇಳುತ್ತಿದ್ದರಂತೆ, ತಮಗೆ ಮಾತ್ರ ದಿಂಬಿಲ್ಲದೆ ತೋಳಿನ ಮೇಲೆ ಮಲಗಿಯೇ ರೂಢಿಯಂತೆ. ಅಂಗಿಯ ಜೇಬಿನಲ್ಲಿ ಸದಾ ಸೂಜಿ, ಒಗೆಯುವಾಗ ಅಮ್ಮನ ಕೈಗೆ ಚುಚ್ಚಿ ದಿನಾ ಬೈಗುಳ. ಮಗಳಿಗೆ ಕಣ್ಣಿನ ತೊಂದರೆ ಇದೆ ಎಂದು ಮೊದಲು ಕಂಡುಹಿಡಿದವರು ಅವರೇ, ಸೂಜಿಗೆ ದಾರ ಪೋಣಿಸಲು ಕೊಟ್ಟು. ಹೇಳುತ್ತ ಹೇಳುತ್ತ ಊಟದ ಹೊತ್ತು ಮುಗಿಯಿತು. ಅಂಗಡಿಯವನು ಪರದೆ ಸರಿಸಿ ಇಣುಕಿದ, ಮೂವರ ಮುಖ ನೋಡಿ ಪರದೆ ಮತ್ತೆ ಎಳೆದು ಹೋದ. ಟಕಟಕಮ್ಮನ ಚೀಲದಲ್ಲಿ ನೋಟ್‌ಬುಕ್ಕಿತ್ತು. ಅವಳು ತೆಗೆಯಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳುತ್ತಲೇ ಇದ್ದಳು.

ಬಸ್ಸಿನಲ್ಲಿ ವಾಪಸು ಬಂದು ಇಳಿಯುವಾಗ ಬೀಗದವನು, "ಒಳಗೆ ಒಂದ್ಸಲ ಸೀನಿದ್ರೂ ಸಾಕಾಗಿತ್ತು" ಎಂದ, ಯಾರಿಗೂ ಅಲ್ಲದ ಹಾಗೆ.

ಮರುದಿನ ಕೋರ್ಟಿನಲ್ಲಿ ಊಟದ ವಿರಾಮಕ್ಕೆ ಸ್ವಲ್ಪ ಮುಂಚೆ, ಫ್ಯಾನು ಕಿರುಗುಟ್ಟುತ್ತಿದ್ದಾಗ, ಅವಳು ಸಾಕ್ಷಿ ಕಟಕಟೆಯ ಕಡೆ ನೋಡಿದಳು. ಅಲ್ಲಿ ಮುದುಕಿ ಇರಲಿಲ್ಲ. ಅಂಗಿಯ ತುಂಬ ಹತ್ತಿಯ ಎಳೆ ಅಂಟಿದ್ದ ಒಬ್ಬ ಮನುಷ್ಯ, ತೋಳನ್ನೇ ದಿಂಬು ಮಾಡಿಕೊಂಡು, ಒಂದು ಮಗ್ಗುಲಿಗೆ ಮಲಗಿದ್ದ. ಅವಳಿಗೆ ಹೆದರಿಕೆಯಾಯಿತು, ಆದರೆ ಕಣ್ಣು ತಿರುಗಿಸಲಿಲ್ಲ. ಯಾವ ಮಗ್ಗುಲು ಎಂದು ನೋಡಲು ಕುತ್ತಿಗೆ ಚಾಚಿದಳು. ಸಾಹೇಬರು ಮುಂದಿನ ಸಾಕ್ಷಿಯನ್ನು ಕರೆಸಿದರು.